ಕೈ ಕಡಿದವಳ ಸಾಕ್ಷಿ

ಇಲ್ಲದ ಒಂದು ಕೈಯನ್ನು ಕಂಡು ರುಫೀನಾಳ ಹೊಟ್ಟೆ ಉರಿಯುತ್ತಿತ್ತು.

ಕೈ ಸಿಪ್ರಿಯಾನೊನದು. ಎಡಗೈ. ಮೊಣಕೈಯಿಂದ ನಾಲ್ಕು ಬೆರಳು ಕೆಳಗೆ ಅದು ನಿಂತುಹೋಗಿತ್ತು. ಒಂದು ವರ್ಷ ಅದು ಯಾರಿಗೂ ಬೇಡದ ಮೋಟುಗೈ. ಈಗ ಅವನು ದಿನಾ ಬೆಳಿಗ್ಗೆ ಅದಕ್ಕೆ ಎಣ್ಣೆ ಸವರುತ್ತಿದ್ದ. ನೀರಿನ ತೊಟ್ಟಿಯ ಪಕ್ಕ ಕೂತು, ಹಸುಗೂಸಿಗೆ ನೀರು ಹಾಕುವ ಹಾಗೆ ಅದಕ್ಕೆ ನೀರು ಹಾಕುತ್ತಿದ್ದ. ರುಫೀನಾ ಗುದ್ದಲಿ ಹೆಗಲಿಗಿಟ್ಟು ಕಬ್ಬಿನ ಗದ್ದೆಗೆ ಹೊರಡುವಾಗ ಇದನ್ನು ನೋಡುತ್ತಿದ್ದಳು. ಅವಳ ಹಿಮ್ಮಡಿ ಒಡೆದು ಒಳಗಿನ ಕೆಂಪು ಕಾಣುತ್ತಿತ್ತು. ಅದಕ್ಕೆ ಎಣ್ಣೆ ಕೊಡುವವರಿರಲಿಲ್ಲ.

ಇಂಗ್ಲಿಷರು ಹವಾನಾ ಬಿಟ್ಟುಹೋಗಿದ್ದರು. ಹನ್ನೊಂದು ತಿಂಗಳು ಹಾರಿದ ಅವರ ಬಾವುಟ ಜುಲೈ ತಿಂಗಳಲ್ಲಿ ಇಳಿಯಿತು, ಸ್ಪೇನಿನ ದೊರೆಯದು ಏರಿತು. ಸಮುದ್ರದಾಚೆ ಪ್ಯಾರಿಸ್ಸಿನಲ್ಲಿ ದೊರೆಗಳ ಕಡೆಯವರು ಒಂದು ಮೇಜಿನ ಸುತ್ತ ಕೂತು ಸಂಧಿಗೆ ಸಹಿ ಹಾಕಿದ್ದರಂತೆ. ಫ್ಲಾರಿಡಾ ಕೊಟ್ಟು ಹವಾನಾ ವಾಪಸು ತಗೊಂಡರಂತೆ. ಹಡಗು ತುಂಬ ಹೊಸ ಅಧಿಕಾರಿಗಳು ಬಂದಿಳಿದರು. ಬಂದ ತಿಂಗಳಿಗೆ ತಮಟೆ ಹೊಡೆಸಿ ಸಾರಿದರು. ಮೊರ್ರೊ ಕೋಟೆಯ ಕಾಳಗದಲ್ಲಿ ದೊರೆಯ ಪರವಾಗಿ ನಿಂತ ಗುಲಾಮರಿಗೆ ಬಿಡುಗಡೆ. ಮೈಮೇಲೆ ಗಾಯ ಇರಬೇಕು. ಕಣ್ಣಾರೆ ಕಂಡ ಇಬ್ಬರು ಸಾಕ್ಷಿ ಇರಬೇಕು.

ಆ ತಮಟೆ ನಿಂತ ಗಳಿಗೆಯಿಂದ ಸಿಪ್ರಿಯಾನೊನ ಮೋಟುಗೈಗೆ ಮಾನ ಬಂತು. ರುಫೀನಾಳ ಎರಡು ಕೈಗೆ ಬರಲಿಲ್ಲ.

ಇಬ್ಬರೂ ಗ್ವಾನಬಕೋವಾ ದಿಬ್ಬದ ಆಚೆಗಿನ ದೊನ್ ಲೆಯಾಂದ್ರೊನ ಕಬ್ಬಿನ ತೋಟದ ಗುಲಾಮರು. ಸಿಪ್ರಿಯಾನೊ ಗಾಡಿ ಹೊಡೆಯುವವನು. ರುಫೀನಾ ಗಾಣದವಳು. ಎತ್ತು ಸುತ್ತುತ್ತವೆ, ಮೂರು ಉರುಳೆ ತಿರುಗುತ್ತವೆ. ಒಬ್ಬಳು ಈಚೆಯಿಂದ ಕಬ್ಬು ತುರುಕಬೇಕು, ಇನ್ನೊಬ್ಬಳು ಆಚೆಯಿಂದ ಸಿಪ್ಪೆ ಎಳೆಯಬೇಕು. ಗಾಣದ ಕಂಬಕ್ಕೆ ಒಂದು ಮಚ್ಚು ತೂಗುಹಾಕಿರುತ್ತದೆ. ಅದು ಕಬ್ಬಿಗಲ್ಲ. ಅದರಿಂದ ಒಂದು ಜಲ್ಲೆಯನ್ನೂ ಯಾರೂ ಕಡಿಯುವುದಿಲ್ಲ. ಪ್ರತಿ ಶನಿವಾರ ಅದನ್ನು ಮಸೆಯುತ್ತಾರೆ. ನಿದ್ದೆಗಣ್ಣಲ್ಲಿ ಯಾರದಾದರೂ ಬೆರಳು ಉರುಳೆಗೆ ಸಿಕ್ಕಿದರೆ ಎತ್ತು ನಿಲ್ಲುವುದಿಲ್ಲ. ಬೆರಳಿನ ಹಿಂದೆ ಅಂಗೈ, ಅಂಗೈ ಹಿಂದೆ ತೋಳು, ತೋಳಿನ ಹಿಂದೆ ಆಳು. ಎಳೆಯಬಾರದು, ಕೂಗಬಾರದು, ಎತ್ತಿನ ಕಡೆ ಓಡಬಾರದು. ಕಂಬದ ಮಚ್ಚು ತೆಗೆದು ಒಂದೇ ಏಟಿಗೆ ಕಡಿಯಬೇಕು. ಗಾಣಕ್ಕೆ ಬಂದ ಮೊದಲ ದಿನ ಪ್ರತಿ ಹೆಣ್ಣಿಗೂ ಇದನ್ನು ಹೇಳಿಕೊಡುತ್ತಾರೆ. ರುಫೀನಾ ಎರಡು ಸಲ ಕಡಿದಿದ್ದಳು. ಇಬ್ಬರು ಹೆಂಗಸರು ಬದುಕಿದ್ದರು.

ಹೋದ ವರ್ಷ ಜೂನಿನಲ್ಲಿ ಇಂಗ್ಲಿಷರ ಹಡಗು ಕಂಡಾಗ ದೊನ್ ಲೆಯಾಂದ್ರೊ ತನ್ನ ಪೆಟ್ಟಿಗೆ, ಬೆಳ್ಳಿ, ಹೆಂಡತಿ, ಮೇಸ್ತ್ರಿ ಸಮೇತ ಒಳನಾಡಿಗೆ ಓಡಿದ. ಗುಲಾಮರನ್ನು ದೊರೆಯ ಸೇವೆಗೆ ಕಳಿಸಿಕೊಟ್ಟ. ನಲವತ್ತು ಜನ ಮೊರ್ರೊ ಕೋಟೆ ಹತ್ತಿದರು. ಗಂಡಸರಿಗೆ ಮಚ್ಚು ಕೊಟ್ಟರು. ಹೆಂಗಸರಿಗೆ ಕೊಡಲಿಲ್ಲ. ರುಫೀನಾ ಗಾಣದ ಮಚ್ಚನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಹೋಗಿದ್ದಳು. ನಲವತ್ತು ದಿನ ಅವಳು ಮದ್ದಿನ ಪೀಪಾಯಿ ಹೊತ್ತಳು, ನೀರು ಹೊತ್ತಳು, ಕಲ್ಲು ಹೊತ್ತಳು, ಹೆಣ ಹೊತ್ತಳು. ಮೇಲಿಂದ ಗುಂಡು ಬೀಳುವಾಗ ಬಗ್ಗಿ ಓಡಬೇಕು. ಬೆನ್ನಿನ ಮೇಲೆ ಪೀಪಾಯಿ ಇದ್ದರೆ ಬಗ್ಗಲಾಗುವುದಿಲ್ಲ. ಅವಳು ನೇರ ನಡೆದೇ ಹೋಗುತ್ತಿದ್ದಳು.

ಜುಲೈ ನಡುವಿನಲ್ಲಿ ಒಂದು ಮಧ್ಯಾಹ್ನ ಕೊತ್ತಳದ ತೋಪಿನ ಗಾಡಿಗೆ ಗುಂಡು ಬಿತ್ತು. ತೋಪು ಮಗುಚಿ ಸಿಪ್ರಿಯಾನೊನ ಕೈ ಕಲ್ಲಿಗೂ ಕಂಚಿಗೂ ನಡುವೆ ಸಿಕ್ಕಿತು. ಪಕ್ಕದ ಮರದ ಒಡ್ಡಿಗೆ ಬೆಂಕಿ ಹತ್ತಿತ್ತು. ಸುತ್ತಲಿದ್ದವರು ತೋಪು ಎತ್ತಲು ಹೆಣಗಿದರು, ಅದು ಅಲ್ಲಾಡಲಿಲ್ಲ. ಅವರು ಓಡಿದರು. ರುಫೀನಾ ಪೀಪಾಯಿ ಇಳಿಸಿದಳು. ಅವಳಿಗೆ ತೋಪು ಕಾಣಲಿಲ್ಲ, ಕೋಟೆ ಕಾಣಲಿಲ್ಲ. ಸಿಕ್ಕಿಕೊಂಡ ಒಂದು ಕೈ ಕಂಡಿತು. ಕಲಿತದ್ದನ್ನು ಮಾಡಿದಳು. ಒಂದೇ ಏಟು. ಲಂಗದ ಅಂಚು ಹರಿದು ಬಿಗಿದಳು. ಅವನನ್ನು ಬೆನ್ನಿಗೆ ಹಾಕಿಕೊಂಡು ಇನ್ನೂರು ಮೆಟ್ಟಿಲು ಇಳಿದಳು. ಇಳಿಯುವ ದಾರಿಯಲ್ಲಿ ಇಬ್ಬರು ಸಿಪಾಯಿಗಳು ಕಬ್ಬಿಣದ ಹಾರೆ ಹೊತ್ತು ಎದುರಾದರು. ತೋಪು ಎತ್ತಲು ಹಾರೆ ತರಹೋಗಿದ್ದರಂತೆ.

ಆ ಹಾರೆಯನ್ನು ಸಿಪ್ರಿಯಾನೊ ಮರೆಯಲಿಲ್ಲ. ಒಂದು ವರ್ಷ ಅದೇ ಮಾತು. ಇನ್ನೊಂದು ಗಳಿಗೆ ಕಾದಿದ್ದರೆ ನನ್ನ ಕೈ ಉಳಿಯುತ್ತಿತ್ತು ಎನ್ನುತ್ತಿದ್ದ. ಗಾಣದ ಬುದ್ಧಿ ಗಾಣದವಳಿಗೆ, ಕಂಡದ್ದೆಲ್ಲ ಉರುಳೆ ಎನ್ನುತ್ತಿದ್ದ. ಊಟಕ್ಕೆ ಕೂತಾಗ ಎಲ್ಲರ ಮುಂದೆ ಅವಳನ್ನು ಕೈ ತಿಂದವಳು ಎಂದು ಕರೆದಿದ್ದ. ರುಫೀನಾ ಆ ಮಾತು ನುಂಗಿದಳು. ಅವನ ಮರಗೆಣಸಿನ ರೊಟ್ಟಿ ಮುರಿದುಕೊಟ್ಟಳು. ಅವನ ಚಡ್ಡಿಯ ಲಾಡಿ ಕಟ್ಟಿದಳು. ಹಾರೆ ಬರುತ್ತಿತ್ತೋ, ಬೆಂಕಿ ಬರುತ್ತಿತ್ತೋ, ಯಾವುದು ಮೊದಲು ಎಂದು ಅವಳಿಗೂ ಗೊತ್ತಿರಲಿಲ್ಲ. ತಪ್ಪು ತನ್ನದಿದ್ದರೂ ಇರಬಹುದು ಎಂದು ಅವನ ಚಾಪೆಯಲ್ಲೇ ಮಲಗಿದಳು. ಈಗ ಹೊಟ್ಟೆಯಲ್ಲಿ ಅವನದೇ ಐದು ತಿಂಗಳು.

ಹೊಟ್ಟೆಯಲ್ಲಿದ್ದದ್ದರ ಲೆಕ್ಕವೂ ಅವಳಿಗೆ ಗೊತ್ತಿತ್ತು. ಮಗು ತಾಯಿಯದು. ತಾಯಿ ಗುಲಾಮಳಾದರೆ ಮಗು ಗುಲಾಮ. ಅಪ್ಪ ನಾಳೆ ಗವರ್ನರೇ ಆಗಲಿ, ಮಗು ಗುಲಾಮ. ಬಿಡುಗಡೆ ಪತ್ರ ಒಂದೇ ಒಂದು ಬರುವುದಾದರೆ ಅದು ತನಗೆ ಬರಬೇಕಿತ್ತು. ತನಗೆ ಬಂದರೆ ಎರಡು ಜೀವ ಬಿಡುಗಡೆ. ಅವನಿಗೆ ಬಂದರೆ ಒಂದು.

ತಮಟೆ ಕೇಳಿದ ಮೇಲೆ ಸಿಪ್ರಿಯಾನೊ ಹಾರೆಯ ಮಾತು ಬಿಟ್ಟ. ಹವಾನಾಕ್ಕೆ ಹೋಗಿ ಅರ್ಜಿ ಬರೆಸಿಬಂದ. ಬರುವಾಗ ನಡಿಗೆಯೇ ಬೇರೆಯಾಗಿತ್ತು. ಗುಡಿಸಲಿನವರು ಅವನನ್ನು ಕ್ಯಾಪ್ಟನ್ ಎಂದು ಕರೆಯತೊಡಗಿದರು. ಮುದುಕಿಯರು ಮೋಟುಗೈ ಮುಟ್ಟಿ ಕಣ್ಣಿಗೊತ್ತಿಕೊಂಡರು. ರುಫೀನಾ ದೂರದಿಂದ ನೋಡಿದಳು. ಅದನ್ನು ಮಾಡಿದ್ದು ನಾನು ಎಂದು ಕೂಗಬೇಕೆನಿಸಿತು. ಗುದ್ದಲಿ ಎತ್ತಿಕೊಂಡು ಗದ್ದೆಗೆ ನಡೆದಳು.

ಒಂದು ಮಧ್ಯಾಹ್ನ ಕಳೆ ಕೀಳುವುದು ಬಿಟ್ಟು ಅವಳು ಆಲೆಮನೆಗೆ ಹೋದಳು. ಮಳೆಗಾಲ. ಎತ್ತುಗಳು ಹುಲ್ಲಿಗೆ ಹೋಗಿದ್ದವು, ಕೊಪ್ಪರಿಗೆಗಳು ಬೋರಲು ಬಿದ್ದಿದ್ದವು. ಅವಳು ನಿಂತ ಉರುಳೆಗಳ ನಡುವೆ ತನ್ನ ಎಡಗೈ ಇಟ್ಟಳು. ಇಟ್ಟು ನೋಡಿದಳು. ಅವನಿಗಿದ್ದ ಗಾಯ ತನಗೂ ಬೇಕಿತ್ತು, ಅಷ್ಟೇ. ಸುಮಾರು ಹೊತ್ತು ಕೈ ಅಲ್ಲೇ ಇತ್ತು. ಆಮೇಲೆ ತೆಗೆದಳು. ಗಾಣದ ಗಾಯಕ್ಕೆ ಯಾವ ದೊರೆಯೂ ಪತ್ರ ಕೊಡುವುದಿಲ್ಲ ಎಂದು ನೆನಪಾಯಿತು. ಹಾಗಿದ್ದಿದ್ದರೆ ಈ ತೋಟದಲ್ಲಿ ಗುಲಾಮರೇ ಇರುತ್ತಿರಲಿಲ್ಲ.

ವಿಚಾರಣೆಗೆ ಎರಡು ದಿನ ಇರುವಾಗ ಸಿಪ್ರಿಯಾನೊ ತೊಟ್ಟಿಯ ಹತ್ತಿರ ಅವಳ ದಾರಿಗೆ ಅಡ್ಡ ನಿಂತ. ಸಾಕ್ಷಿಗೆ ಬೇರೆ ತೋಟದ ಕುಂಟ ಅಂಬ್ರೋಸಿಯೊನ ಹೆಸರು ಕೊಟ್ಟಿದ್ದೇನೆ, ನಿನ್ನ ಹೆಸರೂ ಕೊಟ್ಟಿದ್ದೇನೆ ಎಂದ. ಅವತ್ತು ಆ ಕೊತ್ತಳದ ಮೇಲೆ ನನ್ನನ್ನು ಕಂಡವರಲ್ಲಿ ಬದುಕಿ ಉಳಿದವರು ಅಷ್ಟೇ ಎಂದ.

"ಏನಂತ ಹೇಳಬೇಕು?" ಎಂದಳು ರುಫೀನಾ.

"ದಂಡಿನ ವೈದ್ಯ ಕೊಯ್ದ ಅಂತ."

ಅವಳು ಗುದ್ದಲಿ ಕೆಳಗಿಟ್ಟಳು. "ಯಾವ ವೈದ್ಯ?"

"ಅರ್ಜಿ ಬರೆಯೋನು ಹಾಗೇ ಬರೆದ ಕಣೆ. ಹೆಂಗಸು ಕಬ್ಬಿನ ಮಚ್ಚಲ್ಲಿ ಕಡಿದಳು ಅಂದ್ರೆ ಯುದ್ಧದ ಗಾಯ ಅಂತ ಯಾರು ನಂಬ್ತಾರೆ ಅಂದ. ವೈದ್ಯ ಅಂದ್ರೆ ಒಂದು ತೂಕ."

"ವರ್ಷ ಪೂರ್ತಿ ಬೈಯೋಕೆ ನಾನು. ಬಿಡುಗಡೆಗೆ ವೈದ್ಯ."

"ನಾನು ಹೊರಗೆ ಹೋದ್ರೆ ನಿನಗೇ ಒಳ್ಳೇದಲ್ವ? ಬಂದು ಕರ್ಕೊಂಡು ಹೋಗ್ತೀನಿ."

"ಯಾವ ಕೈ ಹಿಡ್ಕೊಂಡು?"

ಅವನ ಮುಖ ಸಣ್ಣದಾಯಿತು. ರುಫೀನಾಗೆ ಒಂದು ಕ್ಷಣ ಖುಷಿಯಾಯಿತು, ಆಮೇಲೆ ಆ ಖುಷಿಯೇ ಕಹಿಯಾಯಿತು. ಕೈ ಹೋಗಿದ್ದಕ್ಕೆ ಅವಳು ಹೊಣೆ. ಕೈ ಹೋದದ್ದರಿಂದ ಬಂದ ಲಾಭಕ್ಕೆ ಅವಳು ಯಾರೂ ಅಲ್ಲ. ಮಾಡಿದ ಕೆಲಸವನ್ನು ಅವಳ ಕೈಯಿಂದ ಕಿತ್ತು, ಹುಟ್ಟೇ ಇಲ್ಲದ ಒಬ್ಬ ವೈದ್ಯನಿಗೆ ಕೊಟ್ಟಿದ್ದ. ಆ ಇಲ್ಲದ ವೈದ್ಯನ ಮೇಲೂ ಅವಳಿಗೆ ಹೊಟ್ಟೆಕಿಚ್ಚಾಯಿತು.

ವಿಚಾರಣೆಯ ದಿನ ಮೇಸ್ತ್ರಿ ಬೆಲ್ತ್ರಾನ್ ಅವಳನ್ನು ಕರೆದುಕೊಂಡು ಹೊರಟ. ಅವನು ಕುದುರೆಯ ಮೇಲೆ, ಅವಳು ಪಕ್ಕದಲ್ಲಿ ನಡೆದುಕೊಂಡು. ಸಿಪ್ರಿಯಾನೊ ಮುಂಚೆಯೇ ಹೋಗಿದ್ದ. ಇಂಗ್ಲಿಷರ ಕಾಲದಲ್ಲಿ ಒಳನಾಡಿನಲ್ಲಿ ಅಡಗಿದ್ದ ಬೆಲ್ತ್ರಾನ್ ವಾಪಸು ಬಂದಾಗಿನಿಂದ ಚಾಟಿಯನ್ನು ಹೆಚ್ಚು ಎತ್ತುತ್ತಿದ್ದ. ಆದರೆ ಅವತ್ತು ದಾರಿಯುದ್ದಕ್ಕೂ ನಯವಾಗಿ ಮಾತಾಡಿದ. ದಣಿಗಳಿಗೆ ಒಂದು ಆಳು ಕೂಡ ಕೈತಪ್ಪುವುದು ಇಷ್ಟವಿಲ್ಲ ಎಂದ. ಒಬ್ಬನನ್ನು ಬಿಟ್ಟರೆ ನಾಳೆ ಎಲ್ಲರಿಗೂ ಗಾಯ ಹುಟ್ಟುತ್ತದೆ ಎಂದ. ಅವನ ಕೈ ನಮ್ಮ ಗಾಣದಲ್ಲೇ ಹೋಯಿತು ಎಂದು ಹೇಳು ಸಾಕು ಎಂದ. ಹೊಟ್ಟೆ ಹೊತ್ತು ಬರುವ ಸುಗ್ಗಿಯಲ್ಲಿ ಗಾಣದ ಮುಂದೆ ನಿಲ್ಲುವುದು ಬೇಡ, ದೊಡ್ಡಮನೆಯ ಅಡುಗೆಮನೆಗೆ ಹಾಕಿಸುತ್ತೇನೆ, ನೆರಳಲ್ಲಿ ಕೂತು ಬಾಳೆಕಾಯಿ ಸುಲಿದುಕೊಂಡಿರು ಎಂದ.

"ಅವನು ನಿನ್ನ ಬಗ್ಗೆ ಅರ್ಜೀಲಿ ಒಂದಕ್ಷರ ಬರೆಸಿಲ್ಲ, ಗೊತ್ತಾ?" ಎಂದ ಬೆಲ್ತ್ರಾನ್. "ಹೊರಗೆ ಹೋದ ಮೇಲೆ ಪೇಟೇಲಿ ಬಿಡುಗಡೆಯಾದ ಹೆಂಗಸರಿಗೇನು ಬರವೇ?"

ಆ ಮಾತು ನಾಟುವ ಕಡೆಯೇ ನಾಟಿತು. "ಗೊತ್ತು ಬುದ್ಧಿ," ಎಂದಳು ರುಫೀನಾ.

ಕುದುರೆ ಸಮೇತ ದೋಣಿಯಲ್ಲಿ ಕೊಲ್ಲಿ ದಾಟುವಾಗ ಮೊರ್ರೊ ಕೋಟೆ ಬಲಗಡೆ ಕಾಣುತ್ತಿತ್ತು. ಒಡೆದ ಗೋಡೆಗೆ ಹೊಸ ಕಲ್ಲು ಇಡುತ್ತಿದ್ದರು. ಹೊರುವವರು ಅವಳಂಥವರೇ. ತೋಪುಗಳು ಮತ್ತೆ ಸಾಲಾಗಿ ನಿಂತಿದ್ದವು. ಕೋಟೆಯ ಜೊತೆ ತೋಪುಗಳನ್ನೂ ಇಂಗ್ಲಿಷರು ವಾಪಸು ಮಾಡಬೇಕೆಂದು ಪ್ಯಾರಿಸ್ಸಿನ ಕಾಗದದಲ್ಲೇ ಬರೆದಿದೆಯಂತೆ ಎಂದು ದೋಣಿಯವನು ಯಾರಿಗೋ ಹೇಳುತ್ತಿದ್ದ. ರುಫೀನಾ ಕೊತ್ತಳದ ಮೂಲೆಯ ತೋಪನ್ನು ಗುರುತು ಹಿಡಿದಳು. ಸಿಪ್ರಿಯಾನೊನ ಕೈ ತಿಂದ ತೋಪು ಅದೇ. ದೊರೆಗಳು ಕೂತು ಬರೆದ ಸಂಧಿಯಲ್ಲಿ ಅದಕ್ಕೂ ಒಂದು ಜಾಗ ಇತ್ತು. ಅವಳಿಗೆ ತೋಪಿನ ಮೇಲೂ ಹೊಟ್ಟೆ ಉರಿಯಿತು.

ಕಚೇರಿಯ ಅಂಗಳದಲ್ಲಿ ಐವತ್ತು ಅರವತ್ತು ಜನರ ಸಾಲು. ಎಲ್ಲರೂ ಅಂಗಿ ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡಿದ್ದರು. ಒಬ್ಬನಿಗೆ ಕಿವಿ ಇರಲಿಲ್ಲ. ಒಬ್ಬನ ಬೆನ್ನಿನಲ್ಲಿ ಹಳ್ಳ ಬಿದ್ದಿತ್ತು. ಕಚೇರಿಯ ವೈದ್ಯನೊಬ್ಬ ಕೋಲಿನ ತುದಿಯಿಂದ ಗಾಯ ಒತ್ತಿ ನೋಡುತ್ತಿದ್ದ. ಸಂತೆಯಲ್ಲಿ ಎತ್ತಿನ ಹಲ್ಲು ನೋಡುವ ಹಾಗೆ ನೋಡುತ್ತಿದ್ದ. ಬೆನ್ನಿನ ಗಾಯ ಇದ್ದವನನ್ನು, ಓಡುವಾಗ ಬಿದ್ದದ್ದು ಎಂದು ಹೊರಗೆ ಕಳಿಸಿದರು. ಅವನು ಅಂಗಿ ಹಾಕಿಕೊಳ್ಳುವುದನ್ನೂ ಮರೆತು ಹೋದ. ಮೇಜಿನ ಹಿಂದೆ ಹೊಸ ಅಧಿಕಾರಿ ಬೆವರೊರೆಸಿಕೊಳ್ಳುತ್ತ ಕೂತಿದ್ದ. ಹಡಗಿನಿಂದಿಳಿದು ಎರಡು ತಿಂಗಳಾಗಿರಲಿಲ್ಲ, ಮೂಗು ಸಿಪ್ಪೆ ಸುಲಿಯುತ್ತಿತ್ತು. ಪಕ್ಕದಲ್ಲಿ ಗುಮಾಸ್ತ.

ಸಾಲಿನ ಮುಂದಿನಿಂದ ಕುಂಟ ಅಂಬ್ರೋಸಿಯೊ ಅವಳನ್ನು ಕಂಡು ಕೈಯೆತ್ತಿದ. ಮೊರ್ರೊದಲ್ಲಿ ಕಾಲು ಮುರಿದುಕೊಂಡವನು, ಬೇರೆ ತೋಟದವನು, ಅವತ್ತು ಬೆಳಿಗ್ಗೆಯೇ ಬಿಡುಗಡೆಯ ಪತ್ರ ಸಿಕ್ಕಿತ್ತು. ಆದರೂ ಸಿಪ್ರಿಯಾನೊಗೆ ಸಾಕ್ಷಿ ಹೇಳಲು ನಿಂತಿದ್ದ.

"ಬಾ ತಂಗಿ," ಎಂದ. "ಇಲ್ಲಿ ಮೈ ಸರಿಯಾಗಿದ್ದೋರಿಗೆ ಮರ್ಯಾದೆ ಇಲ್ಲ. ನನ್ನ ಕಾಲು ಇನ್ನೊಂದು ಗೇಣು ಸೊಟ್ಟ ಆಗಿದ್ರೆ ಅಧಿಕಾರಿ ಎದ್ದು ನಿಂತು ಕುರ್ಚಿ ಕೊಡ್ತಿದ್ದ."

ಅವಳು ನಗಲಿಲ್ಲ.

ಸಿಪ್ರಿಯಾನೊನ ಸರದಿ ಬಂತು. ಗುಮಾಸ್ತ ಅರ್ಜಿ ಓದಿದ. ತೋಪು ಮಗುಚಿದ್ದು, ಕೈ ನುಜ್ಜಾದದ್ದು, ದಂಡಿನ ವೈದ್ಯ ಗರಗಸದಿಂದ ಕೊಯ್ದು ಜೀವ ಉಳಿಸಿದ್ದು. ಅರ್ಜಿಯ ತುಂಬ ದೊರೆಯ ಹೆಸರಿತ್ತು. ರುಫೀನಾಳದು ಇರಲಿಲ್ಲ. ಜೂನಿನಲ್ಲಿ ಕೋಟೆ ಹತ್ತುವಾಗ ಅವನಿಗೆ ಎರಡೂ ಕೈ ಇದ್ದವು, ಅವನು ತೋಪಿನ ಬಳಿ ನಿಂತದ್ದನ್ನು ನಾನು ಕಂಡೆ, ಮಧ್ಯಾಹ್ನಕ್ಕೆ ಮುಂಚೆಯೇ ನನ್ನ ಕಾಲು ಮುರಿಯಿತು, ಆಮೇಲಿನದು ಕಾಣೆ ಎಂದು ಅಂಬ್ರೋಸಿಯೊ ಹೇಳಿದ. ವೈದ್ಯ ಮೋಟುಗೈ ಹಿಡಿದು ಬೆಳಕಿಗೆ ತಿರುಗಿಸಿದ. ಒತ್ತಿದ. ಸಿಪ್ರಿಯಾನೊ ಹಲ್ಲು ಕಚ್ಚಿದ.

ಇದು ಗರಗಸ ಅಲ್ಲ ಎಂದ ವೈದ್ಯ. ಗರಗಸದ ಎಲುಬು ಸಮವಾಗಿರುತ್ತದೆ, ಇದು ಓರೆ, ಭಾರದ ಅಲಗಿನ ಒಂದೇ ಏಟು. ಸಾಂತೊ ದೊಮಿಂಗೊದಲ್ಲಿ ಕಬ್ಬಿನ ಗಾಣದ ಆಳುಗಳ ಮೈಮೇಲೆ ಇಂಥದ್ದು ಎಷ್ಟೋ ನೋಡಿದ್ದೇನೆ. ಗಾಯಕ್ಕೆ ಸುಮಾರು ಒಂದು ವರ್ಷವಾಗಿದೆ, ಅಷ್ಟು ಮಾತ್ರ ನಿಜ.

ಸಿಪ್ರಿಯಾನೊ ರುಫೀನಾಳ ಕಡೆ ನೋಡಿದ. ಅವನ ಕಣ್ಣಿನಲ್ಲಿ ಕ್ಯಾಪ್ಟನ್ ಇರಲಿಲ್ಲ.

ಬೆಲ್ತ್ರಾನ್ ಟೋಪಿ ತೆಗೆದು ಮುಂದೆ ಬಂದ. ವೈದ್ಯರು ಹೇಳಿದ್ದು ಸರಿ ಎಂದ. ಇದು ನಮ್ಮ ಗಾಣದ ಮಚ್ಚಿನ ಏಟು. ಕಡಿದವಳು ಇಲ್ಲೇ ಇದ್ದಾಳೆ, ಈ ರುಫೀನಾ. ಮೊದಲೂ ಎರಡು ಸಲ ಕಡಿದಿದ್ದಾಳೆ, ಈ ಏಟು ಅವಳದೇ, ನಾನು ಶಿಲುಬೆ ಮುಟ್ಟಿ ಪ್ರಮಾಣ ಮಾಡುತ್ತೇನೆ. ಮಾಡಿದ. ಗುಮಾಸ್ತ ಬರೆದುಕೊಂಡ. ಬೆಲ್ತ್ರಾನ್ ಓದಿ, ಬಾಲ ಎಳೆದು ದೊಡ್ಡದಾಗಿ ಸಹಿ ಹಾಕಿದ. ಅವನಿಗೆ ತನ್ನ ಸಹಿ ಎಂದರೆ ಬಹಳ ಪ್ರೀತಿ.

"ನಿಜವೇನೆ?" ಎಂದು ಅಧಿಕಾರಿ ಕೇಳಿದ. "ನೀನು ಕಡಿದೆಯಾ?"

ರುಫೀನಾ ಮೇಜಿನ ಮುಂದೆ ನಿಂತಿದ್ದಳು. ಒಂದು ಪಕ್ಕ ಅಡುಗೆಮನೆಯ ನೆರಳು. ಒಂದು ಪಕ್ಕ ಇಲ್ಲದ ವೈದ್ಯ. ಗಾಣದಲ್ಲಿ ಎಂದರೆ ಅವನು ಮತ್ತೆ ಗುಡಿಸಲಿಗೆ ಬರುತ್ತಾನೆ. ತನ್ನ ಪಕ್ಕದಲ್ಲೇ ಇರುತ್ತಾನೆ, ತನ್ನ ಹಾಗೇ ಇರುತ್ತಾನೆ. ಕ್ಯಾಪ್ಟನ್ ಎಂದು ಯಾರೂ ಕರೆಯುವುದಿಲ್ಲ. ಆ ಯೋಚನೆ ನಾಲಗೆಯ ಮೇಲೆ ಬೆಲ್ಲದ ಹಾಗೆ ಇತ್ತು. ಅವಳು ಅದರ ರುಚಿ ನೋಡಿದಳು.

"ಹೌದು ಸ್ವಾಮಿ. ನಾನೇ ಕಡಿದದ್ದು."

ಬೆಲ್ತ್ರಾನ್ ಟೋಪಿ ಹಾಕಿಕೊಂಡ. ಸಿಪ್ರಿಯಾನೊ ತಲೆ ತಗ್ಗಿಸಿದ.

"ಗಾಣದಲ್ಲಲ್ಲ. ಮೊರ್ರೊ ಮೇಲೆ."

ಅವಳು ಹೇಳಿದಳು. ಪೀಪಾಯಿ, ತೋಪು, ಬೆಂಕಿ, ಮೆಟ್ಟಿಲು. ಹಾರೆಯನ್ನೂ ಹೇಳಿದಳು. ವೈದ್ಯ ಯಾರೂ ಇರಲಿಲ್ಲ ಎಂದಳು. ಮೇಸ್ತ್ರಿಯೂ ಇರಲಿಲ್ಲ, ದಣಿಯೂ ಇರಲಿಲ್ಲ, ಓಡಿಹೋಗಿದ್ದರು ಎಂದಳು. ಬೆಲ್ತ್ರಾನ್‌ನ ಮುಖ ಕೆಂಪಾಯಿತು. ಇವಳು ಇವನ ಸೂಳೆ, ಹೊಟ್ಟೆ ನೋಡಿದರೆ ತಿಳಿಯುತ್ತದೆ, ಇವನಿಗಾಗಿ ಸುಳ್ಳು ಹೇಳುತ್ತಿದ್ದಾಳೆ ಎಂದ.

ಅಧಿಕಾರಿ ಬೆವರೊರೆಸಿಕೊಂಡ. ಬಿಳಿಯ ಮೇಸ್ತ್ರಿಯ ಪ್ರಮಾಣ ಒಂದು ಕಡೆ, ಗುಲಾಮಳ ಮಾತು ಒಂದು ಕಡೆ. ಅವನು ಯಾವ ಕಡೆ ವಾಲುತ್ತಿದ್ದಾನೆಂದು ಎಲ್ಲರಿಗೂ ಕಾಣುತ್ತಿತ್ತು.

"ಯಾವ ತಿಂಗಳು ಅಂತ ಅವನನ್ನ ಕೇಳಿ," ಎಂದಳು ರುಫೀನಾ.

"ಯಾರನ್ನು?"

"ಬೆಲ್ತ್ರಾನ್‌ನ."

ಬುದ್ಧಿ ಎಂದಿರಲಿಲ್ಲ. ಹೆಸರು ಹಿಡಿದಿದ್ದಳು. ಸಾಲಿನಲ್ಲಿ ಯಾರೋ ಉಸಿರು ಎಳೆದುಕೊಂಡರು. ಬೆಲ್ತ್ರಾನ್‌ನ ಕೈ ಸೊಂಟದ ಚಾಟಿಗೆ ಹೋಯಿತು, ಕಚೇರಿ ಎಂದು ನೆನಪಾಗಿ ವಾಪಸು ಬಂತು. ಅಧಿಕಾರಿ ತಿಂಗಳು ಕೇಳಿದ. ವೈದ್ಯ ಒಂದು ವರ್ಷ ಎಂದಾಗಿತ್ತು. ಹಿಂದಿನ ಜೂನಿನಲ್ಲಿ ಕೋಟೆ ಹತ್ತುವಾಗ ಅವನಿಗೆ ಎರಡೂ ಕೈ ಇದ್ದದ್ದನ್ನು ಅಂಬ್ರೋಸಿಯೊ ಹೇಳಿಯಾಗಿತ್ತು. ಬೆಲ್ತ್ರಾನ್ ಅಧಿಕಾರಿಯ ಸುಲಿದ ಮೂಗು ನೋಡಿದ. ಈ ಹೊಸಬನಿಗೆ ಏನು ತಿಳಿಯುತ್ತದೆ ಎಂದುಕೊಂಡಿರಬೇಕು.

"ಹೋದ ವರ್ಷ ಜುಲೈ, ಸ್ವಾಮಿ. ಗಾಣ ಜೋರಾಗಿ ನಡೀತಿತ್ತು."

ಮೊದಲು ನಕ್ಕವನು ಕಿವಿ ಇಲ್ಲದವನು. ಆಮೇಲೆ ಅವನ ಹಿಂದಿನವನು. ಆಮೇಲೆ ಇಡೀ ಸಾಲು. ಅಂಗಿ ಬಿಚ್ಚಿ ನಿಂತ ಅರವತ್ತು ಜನ ಹೊಟ್ಟೆ ಹಿಡಿದು ನಕ್ಕರು. ಕಾವಲಿನ ಕಪ್ಪು ಸಿಪಾಯಿಗಳೂ ನಕ್ಕರು. ಅಧಿಕಾರಿ ಮೇಜು ಕುಟ್ಟಿದ. ಯಾಕೆ ನಗುತ್ತೀರಿ ಎಂದ.

"ಮಳೆಗಾಲದಲ್ಲಿ ಗಾಣ ಯಾರು ಕಟ್ತಾರೆ, ಸ್ವಾಮಿ?" ಎಂದ ಅಂಬ್ರೋಸಿಯೊ. "ಮೇ ಮುಗಿದ್ರೆ ಎತ್ತಿಗೂ ರಜ. ರಜ ಇಲ್ಲದೋರು ನಾವು ಮಾತ್ರ. ಅದೂ ಅಲ್ದೆ ಹೋದ ಜುಲೈಲಿ ಇವರ ತೋಟದಲ್ಲಿ ಇಂಗ್ಲಿಷರ ದಂಡು ಬಿಡಾರ ಹೂಡಿತ್ತು. ಗಾಣ ಜೋರಾಗಿ ನಡೀತಿದ್ರೆ ರಸ ಕುಡಿದವರು ಯಾರು, ಕೇಳಿ."

ಗುಮಾಸ್ತ ಈ ಊರಿನಲ್ಲೇ ಹುಟ್ಟಿದವನು. ಅವನು ಅಧಿಕಾರಿಯ ಕಿವಿಯಲ್ಲಿ ಏನೋ ಹೇಳಿದ. ಅಧಿಕಾರಿ ಬೆಲ್ತ್ರಾನ್‌ನ ಕಡೆ ನೋಡಿದ. ತನ್ನನ್ನು ಹೊಸಬನೆಂದು ಆಡಿಸಿದರೆಂಬ ಸಿಟ್ಟು ಅದು, ನ್ಯಾಯದ ಸಿಟ್ಟಲ್ಲ. ಆದರೂ ಕೆಲಸಕ್ಕೆ ಬಂತು. ಗಾಯ ಯುದ್ಧದ್ದೇ ಎಂದ. ಸಿಪ್ರಿಯಾನೊಗೆ ದೊರೆಯ ಕೃಪೆಯಿಂದ ಬಿಡುಗಡೆ ಎಂದ. ಅರ್ಜಿಯ ವೈದ್ಯನನ್ನು ಹೊಡೆದುಹಾಕಿ, ಈ ಹೆಂಗಸಿನ ಹೇಳಿಕೆ ಬರೆದುಕೊಂಡು ಗೀಟು ಹಾಕಿಸಿಕೋ ಎಂದು ಗುಮಾಸ್ತನಿಗೆ ಹೇಳಿದ.

ಗುಮಾಸ್ತ ಬರೆದ. ಲೇಖನಿ ಕೊಟ್ಟು, ಇಲ್ಲಿ ಶಿಲುಬೆ ಗೀಚು ಎಂದ.

"ಓದಿ," ಎಂದಳು ರುಫೀನಾ.

"ನಿನಗೆ ಓದಿ ಹೇಳಬೇಕೇನೆ?"

"ಓದಿ."

ಅವನು ಓದಿದ. ತೋಪಿನಡಿ ಸಿಕ್ಕ ಕೈಯನ್ನು ಅಲ್ಲಿದ್ದವರಲ್ಲಿ ಯಾರೋ ಒಬ್ಬರು ಮಚ್ಚಿನಿಂದ ಕಡಿದು ಜೀವ ಉಳಿಸಿದರು.

ರುಫೀನಾ ಲೇಖನಿಯನ್ನು ಮೇಜಿನ ಮೇಲಿಟ್ಟಳು.

"ಯಾರೋ ಅಲ್ಲ. ನನ್ನ ಹೆಸರು ಬರಿ."

ಗುಮಾಸ್ತ ನಕ್ಕ. ಹೆಂಗಸರನ್ನು ಕೋಟೆಯ ಪಟ್ಟಿಯಲ್ಲಿ ಬರೆದಿಲ್ಲ, ಪಟ್ಟಿಯಲ್ಲಿ ಇಲ್ಲದವಳನ್ನು ಕಾಗದಕ್ಕೆ ತಂದರೆ ಮೇಲಿನವರು ಪ್ರಶ್ನೆ ಕೇಳುತ್ತಾರೆ ಎಂದ. ಗೀಟು ಹಾಕದಿದ್ದರೆ ಎರಡನೇ ಸಾಕ್ಷಿ ಇಲ್ಲ, ಎರಡನೇ ಸಾಕ್ಷಿ ಇಲ್ಲದಿದ್ದರೆ ಇವನಿಗೆ ಬಿಡುಗಡೆ ಇಲ್ಲ ಎಂದ.

ಸಿಪ್ರಿಯಾನೊ ಹತ್ತಿರ ಬಂದ. "ಹಾಕಿಬಿಡೆ," ಎಂದ ಮೆಲ್ಲಗೆ. "ಬರೀ ಕಾಗದ ಕಣೆ. ನಿಜ ಏನು ಅಂತ ನನಗೆ ಗೊತ್ತಲ್ಲ."

"ನಿನಗೆ ಗೊತ್ತಿತ್ತು. ಅರ್ಜಿ ಬರೆಸುವಾಗಲೂ ಗೊತ್ತಿತ್ತು."

"ನನ್ನ ಜೀವ ಹೋಗ್ತದೆ ರುಫೀನಾ."

"ನನಗೆ ಹೊಟ್ಟೆಕಿಚ್ಚು ಕಣೋ," ಎಂದಳು ಅವಳು. ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದಳು. "ನಿನ್ನ ಮೋಟುಗೈ ಕಂಡ್ರೆ ನನಗೆ ಹೊಟ್ಟೆ ಉರೀತದೆ. ಅದು ನಿನ್ನ ಮೈಮೇಲಿದೆ, ಆದ್ರೆ ಮಾಡಿದ್ದು ನಾನು. ಬೈಸ್ಕೊಂಡಿದ್ದು ನಾನು. ನೀನು ಹೋಗು, ಬೇಡ ಅನ್ನಲ್ಲ. ನನ್ನನ್ನ ಅಳಿಸಿ ಹೋಗಬೇಡ."

ಅವಳು ಮೇಜಿನ ಕಡೆ ತಿರುಗಿದಳು. "ಆ ತೋಪಿನ ಹೆಸರು ದೊರೆಗಳ ಕಾಗದದಲ್ಲಿದೆ ಅಂತಲ್ಲ. ಕೈ ತಿಂದದ್ದಕ್ಕೆ ಹೆಸರಿದೆ. ಜೀವ ಉಳಿಸಿದ್ದಕ್ಕೆ ಇಲ್ವ? ಬರೀದಿದ್ರೆ ನಾನು ಗೀಟು ಹಾಕಲ್ಲ. ಹೊಡೆಸಿ ಬೇಕಾದ್ರೆ."

ಯಾರೂ ನಗಲಿಲ್ಲ. ಸಾಲು ಮುಂದಕ್ಕೆ ಒತ್ತಿತು. ಬಿಸಿಲು ಏರುತ್ತಿತ್ತು, ಇನ್ನೂ ಐವತ್ತು ಜನರ ಗಾಯ ನೋಡುವುದಿತ್ತು, ಅಧಿಕಾರಿಗೆ ಊಟದ ಹೊತ್ತಾಗಿತ್ತು. ಅವನು ಕೈ ಬೀಸಿ, ಬರಿಯಯ್ಯ, ಅದೊಂದು ಹೆಸರಿಂದ ಏನಾಗಬೇಕಿದೆ ಎಂದ. ಗುಮಾಸ್ತ ಒಂದು ಗೀಟು ಎಳೆದು ಮೇಲೆ ಬರೆದ. ಓದಿದ. ದೊನ್ ಲೆಯಾಂದ್ರೊನ ಗುಲಾಮಳಾದ ರುಫೀನಾ ಎಂಬವಳು, ಗುಂಡು ಬೀಳುತ್ತಿರುವಾಗ, ತನ್ನ ಮಚ್ಚಿನಿಂದ.

ಅವಳು ಶಿಲುಬೆ ಗೀಚಿದಳು. ಸಿಪ್ರಿಯಾನೊ ತನ್ನ ಪತ್ರ ತಗೊಂಡ. ಒಂದೇ ಕೈಯಲ್ಲಿ ಮಡಚಲಾಗದೆ ಎದೆಗೆ ಒತ್ತಿಕೊಂಡ. ಅವನ ಆ ಪತ್ರ ಕಂಡು ಅವಳ ಹೊಟ್ಟೆಯ ಬೆಂಕಿ ಮತ್ತೆ ಎದ್ದಿತು. ಒಳಗೆ ಮಗು ಒದೆಯಿತು.

"ನಡಿ," ಎಂದ ಬೆಲ್ತ್ರಾನ್ ಹಿಂದಿನಿಂದ. "ತೋಟಕ್ಕೆ ಬಾ. ನಿನಗಿದೆ."

ರುಫೀನಾ ಅಂಗಳ ದಾಟಿದಳು. ಬಾಗಿಲ ಕಡೆ ಹೋಗಲಿಲ್ಲ. ಸಾಲಿನ ಕೊನೆಗೆ ಹೋಗಿ, ಅಂಗಿ ಬಿಚ್ಚಿದ ಗಂಡಸರ ಹಿಂದೆ ನಿಂತಳು. ಬೆಲ್ತ್ರಾನ್ ಮತ್ತೆ ಕರೆದ. ಅವಳು ತಿರುಗಲಿಲ್ಲ. ದೊರೆಯ ಸಾಲಿನಿಂದ ಯಾರನ್ನಾದರೂ ಎಳೆದರೆ ಕಾವಲಿನವರು ಬಿಡುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಉಗಿದು ಕುದುರೆಯ ಕಡೆ ಹೋದ.

ಸಾಲು ಮಂದಗತಿಯಲ್ಲಿ ಕರಗಿತು. ಕೆಲವರಿಗೆ ಪತ್ರ ಸಿಕ್ಕಿತು, ಹಲವರಿಗೆ ಇಲ್ಲ. ಅಧಿಕಾರಿ ಉಂಡು ಬಂದ. ಅವಳು ನಿಂತೇ ಇದ್ದಳು. ಸಿಪ್ರಿಯಾನೊ ಬಂದು ಅವಳ ಹಿಂದೆ ನಿಂತದ್ದು ನೆರಳಿನಿಂದ ತಿಳಿಯಿತು, ನೆರಳಿಗೆ ಒಂದೇ ಕೈ ಇತ್ತು. ಅವಳು ತಿರುಗದೆ ಸಾಲಿನ ಜೊತೆ ಮುಂದೆ ಸರಿದಳು. ಅವನೂ ಸರಿದ.

ಮೇಜಿನ ಮುಂದೆ ಬಂದಾಗ ಗುಮಾಸ್ತ ಲೇಖನಿ ಕೆಳಗಿಟ್ಟ. ಮತ್ತೆ ನೀನೇ ಎಂದ. ಗಾಯ ಎಲ್ಲಿ ಎಂದ ಅಧಿಕಾರಿ.

"ಗಾಯ ಇಲ್ಲ ಸ್ವಾಮಿ. ಪೀಪಾಯಿ ಬೀಳಿಸಲಿಲ್ಲ, ಅದಕ್ಕೆ ಸುಟ್ಟಿಲ್ಲ. ಓಡಲಿಲ್ಲ, ಅದಕ್ಕೆ ಬಿದ್ದಿಲ್ಲ. ಒಬ್ಬನ್ನ ಸಾಯೋಕೆ ಬಿಡಲಿಲ್ಲ. ಆ ಕೆಲಸದ ಗುರುತು ಅವನ ಮೈಮೇಲಿದೆ, ಬೆಳಿಗ್ಗೆ ನೀವೇ ನೋಡಿದ್ದೀರಿ."

"ಸಾಕ್ಷಿ ಇಬ್ಬರು ಬೇಕು," ಎಂದ ಗುಮಾಸ್ತ.

"ಇದಾರೆ."

ಅವಳು ಹಿಂದೆ ನಿಂತವನ ಕಡೆ ನೋಡದೆ ಹೆಬ್ಬೆರಳು ತೋರಿಸಿದಳು. "ಒಬ್ಬ ಇವನು. ಈಗ ಬಿಡುಗಡೆಯಾದವನು, ಮಾತಿಗೆ ತೂಕ ಬಂದಿದೆ. ಈ ಸಲ ನಿಜ ಹೇಳ್ತಾನೆ."

"ಹೇಳ್ತೀನಿ," ಎಂದ ಸಿಪ್ರಿಯಾನೊ.

"ಇನ್ನೊಬ್ಬ?"

ರುಫೀನಾ ಬಾಗಿಲ ಕಡೆ ತಿರುಗಿದಳು. ಹೊರಗೆ ಬಿಸಿಲಿನಲ್ಲಿ ಬೆಲ್ತ್ರಾನ್ ಕುದುರೆಯ ಪಕ್ಕ ನಿಂತು ಅವಳಿಗಾಗಿ ಕಾಯುತ್ತಿದ್ದ. ಚಾಟಿಯನ್ನು ಅಂಗೈಗೆ ತಟ್ಟಿಕೊಳ್ಳುತ್ತಿದ್ದ.

"ಅಗೋ, ಅವನು. ಈ ಏಟು ಅವಳದೇ ಅಂತ ಶಿಲುಬೆ ಮುಟ್ಟಿ ಹೇಳಿದ್ದಾನೆ. ನಿಮ್ಮ ಕಾಗದದಲ್ಲೇ ಇದೆ, ತೆಗೆದು ನೋಡಿ. ದೊಡ್ಡದಾಗಿ ಸಹಿ ಹಾಕಿದ್ದಾನೆ."